ಮೂಲೆ ಸೇರಿದ ಕೃತಕ ಕಾಲು ಮತ್ತು ಜನಪ್ರತಿನಿಧಿಗೆ ಬರೆಯುವ ಮನವಿ

ಪ್ರಶ್ನೆ: ಸಕ್ಕರೆ ಕಾಯಿಲೆಯ ಕಾರಣದಿಂದ ನಮ್ಮ ತಂದೆಯವರ ಬಲಗಾಲನ್ನು ಎರಡು ವರ್ಷಗಳ ಹಿಂದೆ ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಆರು ತಿಂಗಳ ನಂತರ ಅವರಿಗೆ ಕೃತಕ ಕಾಲು ಸಿಕ್ಕಿತು. ಒಂದು ದಿನ ಅಳತೆ ತೆಗೆದುಕೊಂಡರು, ಕೆಲವು ದಿನ ಬಿಟ್ಟು ಕಾಲನ್ನು ಕೈಗೆ ಕೊಟ್ಟು ಕಳುಹಿಸಿದರು. ಮತ್ತೆ ಬನ್ನಿ ಎಂದು ಯಾರೂ ಹೇಳಲಿಲ್ಲ. ಮೊದಲು ತೊಡಲು ಆಗುತ್ತಿತ್ತು, ನಾಲ್ಕೈದು ತಿಂಗಳಲ್ಲಿ ಸಡಿಲವಾಯಿತು, ಆಮೇಲೆ ಹುಣ್ಣಾಯಿತು. ಈಗ ಆ ಕಾಲು ಕೋಣೆಯ ಮೂಲೆಯಲ್ಲಿದೆ, ತಂದೆಯವರು ಗಾಲಿಕುರ್ಚಿಯಲ್ಲಿದ್ದಾರೆ. ಹುಣ್ಣು ಒಣಗಿದಂತೆ ಕಂಡಾಗಲೆಲ್ಲ ಮತ್ತೆ ತೊಡಲು ಹೋಗಿ ಮತ್ತೆ ಗಾಯ ಮಾಡಿಕೊಳ್ಳುತ್ತಾರೆ. ನಮ್ಮಂತೆಯೇ ತೊಂದರೆಪಟ್ಟ ಏಳೆಂಟು ಕುಟುಂಬಗಳವರು ಸೇರಿ, ಈ ಸೇವೆಗೆ ಸರಿಯಾದ ಮಾನದಂಡಗಳನ್ನು ಕಾನೂನಿನ ಮೂಲಕ ತರಬೇಕೆಂದು ನಮ್ಮ ಜನಪ್ರತಿನಿಧಿಗೆ ಮನವಿ ಕೊಡಬೇಕೆಂದಿದ್ದೇವೆ. ಆದರೆ ‘ಒಳ್ಳೆಯ ಕಾಲು ಕೊಡಿಸಿ’ ಎನ್ನುವುದರ ಆಚೆಗೆ ಏನು ಕೇಳಬೇಕೆಂದು ನಮಗೆ ತಿಳಿಯುತ್ತಿಲ್ಲ. ದಯವಿಟ್ಟು ದಾರಿ ತೋರಿಸಿ.

ಉತ್ತರ: ಮನವಿಯ ಮಾತಿಗೆ ಮೊದಲು ತಮ್ಮ ತಂದೆಯವರ ವಿಷಯವನ್ನು ಹೇಳಿಬಿಡುತ್ತೇನೆ. ಹುಣ್ಣು ಪೂರ್ತಿ ಮಾಯುವವರೆಗೆ ಆ ಕಾಲನ್ನು ತೊಡಲು ಬಿಡಬೇಡಿ, ಮತ್ತು ಮೇಲಿಂದ ಮೇಲೆ ಗಾಯವಾಗುತ್ತಿರುವುದನ್ನು ತಡಮಾಡದೆ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆಯಿರುವ ಅನೇಕರಲ್ಲಿ ನರಗಳ ಸಂವೇದನೆ ಕುಗ್ಗಿರುವುದರಿಂದ, ನೋವು ತಿಳಿಯುವ ಹೊತ್ತಿಗೆ ಗಾಯ ಆಳಕ್ಕೆ ಇಳಿದಿರುತ್ತದೆ. ಆದ್ದರಿಂದ ಉಳಿದ ಕಾಲಿನ ತುದಿಯನ್ನೂ ಇನ್ನೊಂದು ಪಾದದ ಅಡಿಯನ್ನೂ ದಿನಕ್ಕೊಮ್ಮೆ ಒಳ್ಳೆಯ ಬೆಳಕಿನಲ್ಲಿ ನೋಡಬೇಕು. ಎರಡನೆಯದಾಗಿ, ಗಾಲಿಕುರ್ಚಿಯಲ್ಲಿ ಕುಳಿತವರ ಮೊಣಕಾಲು ಸದಾ ಮಡಚಿಕೊಂಡೇ ಇರುತ್ತದೆ, ಮಲಗಿದಾಗ ಮನೆಯವರು ಅಕ್ಕರೆಯಿಂದ ಅದರ ಕೆಳಗೆ ದಿಂಬನ್ನೂ ಇಡುತ್ತಾರೆ. ಹೀಗೆ ತಿಂಗಳುಗಟ್ಟಲೆ ಮಡಚಿಕೊಂಡಿದ್ದ ಕೀಲು ಹಾಗೆಯೇ ಬಿಗಿದುಹೋದರೆ, ನಾಳೆ ಎಷ್ಟೇ ಒಳ್ಳೆಯ ಕಾಲು ಸಿಕ್ಕರೂ ಅದರ ಮೇಲೆ ನೆಟ್ಟಗೆ ನಿಲ್ಲುವುದು ಕಷ್ಟವಾಗುತ್ತದೆ. ದಿಂಬನ್ನು ತೆಗೆಯಿರಿ, ಮೊಣಕಾಲನ್ನು ನೇರವಾಗಿ ಚಾಚುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟರಿಂದ ಕಲಿತುಕೊಳ್ಳಿ. ಆ ಹಳೆಯ ಕಾಲಿನಲ್ಲಿ ಬದಲಾಯಿಸಬೇಕಾಗಿರುವುದು ಬಹುಶಃ ಸಾಕೆಟ್, ಅಂದರೆ ಉಳಿದ ಕಾಲು ಕೂರುವ ಮೇಲಿನ ಬಟ್ಟಲು, ಮಾತ್ರ; ಕೆಳಗಿನ ಕೊಳವೆಯೂ ಪಾದವೂ ಗಟ್ಟಿಯಾಗಿದ್ದರೆ ಅವನ್ನು ಮತ್ತೆ ಬಳಸಲು ಎಷ್ಟೋ ಸಲ ಸಾಧ್ಯವಾಗುತ್ತದೆ.

ಈಗ ತಮ್ಮ ಪ್ರಶ್ನೆಗೆ ಬರುತ್ತೇನೆ. ತಮ್ಮ ಪತ್ರದಲ್ಲಿ ‘ಮತ್ತೆ ಬನ್ನಿ ಎಂದು ಯಾರೂ ಹೇಳಲಿಲ್ಲ’ ಎಂಬ ವಾಕ್ಯವಿದೆ. ಮನವಿಯ ತಿರುಳು ಅದೇ ಆಗಬೇಕು. ತಮ್ಮ ತಂದೆಯವರಿಗೆ ಕೊಟ್ಟ ಕಾಲು ಕಳಪೆಯಾಗಿತ್ತೆಂದು ತಾವು ಬರೆದಿರುವುದರಿಂದ ಸಿದ್ಧವಾಗುವುದಿಲ್ಲ. ಸೇವೆ ಅರ್ಧಕ್ಕೆ ನಿಂತಿತೆಂಬುದು ಮಾತ್ರ ಸ್ಪಷ್ಟವಾಗಿ ಸಿದ್ಧವಾಗುತ್ತದೆ.

ಹೀಗೇಕೆ ಹೇಳುತ್ತೇನೆಂದರೆ, ಕೃತಕ ಕಾಲಿನ ಜೀವ ಇರುವುದು ಪಾದದಲ್ಲಾಗಲಿ ಕೊಳವೆಯಲ್ಲಾಗಲಿ ಅಲ್ಲ, ಉಳಿದ ಕಾಲನ್ನು ತನ್ನೊಳಗೆ ಹಿಡಿದುಕೊಳ್ಳುವ ಬಟ್ಟಲಿನಂಥ ಸಾಕೆಟ್‌ನಲ್ಲಿ. ಮೊಣಕಾಲಿನ ಕೆಳಗೆ ಕಾಲು ತೆಗೆದವರ ದೇಹದ ಭಾರವನ್ನು ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು, ಹಿಂಬದಿಯ ಮಾಂಸಖಂಡ ಮುಂತಾದ ಒತ್ತಡ ತಡೆಯಬಲ್ಲ ಜಾಗಗಳು ಹೊರಬೇಕು. ಹೊರಬದಿಯ ಎಲುಬಿನ ಗಂಟು, ಮುಂಬದಿಯ ಎಲುಬಿನ ಅಂಚು ಮತ್ತು ಕತ್ತರಿಸಿದ ತುದಿಗೆ ಆದಷ್ಟು ಬಿಡುವು ಸಿಗಬೇಕು. ಈ ಲೆಕ್ಕ ಕೆಲವೇ ಮಿಲಿಮೀಟರುಗಳಲ್ಲಿ ನಡೆಯುವಂಥದ್ದು. ಹೊಸ ಚಪ್ಪಲಿ ಕಚ್ಚಿದರೆ ನಾವು ಕಳಚಿ ಕೈಯಲ್ಲಿ ಹಿಡಿದು ನಡೆಯಬಹುದು, ಆದರೆ ಸಾಕೆಟ್ ಕಚ್ಚಿದವರು ಇದ್ದಲ್ಲೇ ಕುಳಿತುಬಿಡಬೇಕಾಗುತ್ತದೆ.

ಅಷ್ಟೇ ಅಲ್ಲ, ಶಸ್ತ್ರಚಿಕಿತ್ಸೆಯ ನಂತರ ಊತ ಇಳಿಯುತ್ತದೆ, ಬಳಕೆಯಿಲ್ಲದ ಮಾಂಸಖಂಡ ಕರಗುತ್ತದೆ, ಉಳಿದ ಕಾಲಿನ ಗಾತ್ರ ಒಂದು ಸ್ಥಿತಿಗೆ ಬರಲು ಸಾಮಾನ್ಯವಾಗಿ ಒಂದು ವರ್ಷವಾದರೂ ಹಿಡಿಯುತ್ತದೆ. ಆರನೆಯ ತಿಂಗಳಲ್ಲಿ ಸರಿಹೊಂದಿದ್ದ ಸಾಕೆಟ್ ಹತ್ತನೆಯ ತಿಂಗಳಲ್ಲಿ ಸಡಿಲವಾದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ, ಅದು ಮೊದಲೇ ಗೊತ್ತಿರುವ ಸಂಗತಿ. ಕಾಲು ಕುಗ್ಗಿದಂತೆಲ್ಲ ಒಳಗಿನ ಕಾಲುಚೀಲಗಳ ಪದರವನ್ನು ಹೆಚ್ಚಿಸಿಕೊಳ್ಳಬೇಕು, ಅದೂ ಸಾಲದಾದಾಗ ಸಾಕೆಟ್ ಅನ್ನೇ ಹೊಸದಾಗಿ ಮಾಡಬೇಕು. ಇದನ್ನು ಯಾರೂ ಹೇಳಿಕೊಡದೆ ಹೋದರೆ ಕಾಲು ಸಾಕೆಟ್‌ನೊಳಗೆ ಕೆಳಕ್ಕೆ ಜಾರುತ್ತದೆ, ಭಾರವೆಲ್ಲ ತುದಿಯ ಮೇಲೆ ಬೀಳುತ್ತದೆ, ಚರ್ಮ ಒಡೆಯುತ್ತದೆ. ತಮ್ಮ ತಂದೆಯವರಿಗೆ ಆಗಿರುವುದು ಬಹುಮಟ್ಟಿಗೆ ಇದೇ ಇರಬೇಕು. ಇಷ್ಟೊಂದು ಸ್ಪಷ್ಟವಾಗಿ ಮುಂದಾಗಿ ಕಾಣುವ ತೊಂದರೆಗೆ ಒಬ್ಬ ಮನುಷ್ಯ ತನ್ನ ನಡಿಗೆಯನ್ನೇ ತೆರಬೇಕಾಯಿತೆಂಬುದು ನನಗೆ ತುಂಬ ನೋವಿನ ಸಂಗತಿ.

ಮಾನದಂಡವೆಂದ ಕೂಡಲೇ ಶಾಸನ ಮಾಡುವವರ ಕಣ್ಣಿಗೆ ಬರುವುದು ವಸ್ತುವಿನ ಗುಣಮಟ್ಟ. ಅದಕ್ಕೆ ಅಂತರರಾಷ್ಟ್ರೀಯ ಮಾನದಂಡಗಳು ಈಗಾಗಲೇ ಇವೆ. ಐಎಸ್‌ಒ 10328 ಎಂಬ ಮಾನದಂಡದ ಪ್ರಕಾರ ಕೃತಕ ಕಾಲಿನ ಭಾಗಗಳ ಮೇಲೆ ಯಂತ್ರದಿಂದ 30 ಲಕ್ಷ ಸಲ ಭಾರ ಹೇರಿ ಇಳಿಸಿ ಪರೀಕ್ಷಿಸುತ್ತಾರೆ. ಇದು ಬೇಕೇ ಬೇಕು, ಏಕೆಂದರೆ ರಸ್ತೆ ದಾಟುವಾಗ ಪಾದ ಮುರಿದರೆ ಪ್ರಾಣಕ್ಕೇ ಸಂಚಕಾರ. ಆದರೆ ಈ ಪರೀಕ್ಷೆಯಲ್ಲಿ ಗೆದ್ದ ಕಾಲು ಮುರಿಯುವುದಿಲ್ಲವೆಂದು ಮಾತ್ರ ನಂಬಬಹುದೇ ಹೊರತು, ಅದು ತಮ್ಮ ತಂದೆಯವರಿಗೆ ಹೊಂದುತ್ತದೆಯೆಂದು ಯಾವ ಯಂತ್ರವೂ ಹೇಳಲಾರದು.

ಈ ಕೊರತೆಯನ್ನು ತುಂಬುವುದಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಪ್ರಾಸ್ಥೆಟಿಕ್ಸ್ (ಕೃತಕ ಅಂಗ) ಮತ್ತು ಆರ್ಥೋಟಿಕ್ಸ್ (ಇರುವ ಅಂಗಕ್ಕೆ ಆಸರೆ ಕೊಡುವ ಬ್ರೇಸ್‌ನಂಥ ಸಾಧನ) ಸೇವೆಗಳಿಗೆಂದೇ ಮಾನದಂಡಗಳನ್ನು ಪ್ರಕಟಿಸಿತು. 1970ರಲ್ಲಿ ಕೋಪನ್‌ಹೇಗನ್‌ನಲ್ಲಿ ಸ್ಥಾಪನೆಯಾದ, ಐಎಸ್‌ಪಿಒ ಎಂದು ಕರೆಯಲಾಗುವ ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಘವು ಅದರಲ್ಲಿ ಜೊತೆಯಾಗಿತ್ತು. ಒಟ್ಟು 60 ಮಾನದಂಡಗಳಿರುವ ಆ ದಾಖಲೆಯಲ್ಲಿ ನೀತಿ, ಉತ್ಪನ್ನ, ಸಿಬ್ಬಂದಿ, ಸೇವೆಯ ಒದಗಣೆ ಎಂಬ ನಾಲ್ಕು ವಿಭಾಗಗಳಿವೆ. ವಸ್ತುವಿಗೆ ಸಂಬಂಧಿಸಿದ್ದು ಅವುಗಳಲ್ಲಿ ಒಂದು ಮಾತ್ರ ಎಂಬುದನ್ನು ಗಮನಿಸಿ. ಆಗ ಆ ಸಂಸ್ಥೆ ಮಾಡಿದ ಅಂದಾಜಿನಂತೆ ಜಗತ್ತಿನಲ್ಲಿ ಮೂರೂವರೆಯಿಂದ ನಾಲ್ಕು ಕೋಟಿ ಜನರಿಗೆ, ಅಂದರೆ ಜನಸಂಖ್ಯೆಯ ಸುಮಾರು 0.5 ಪ್ರತಿಶತದಷ್ಟು ಮಂದಿಗೆ, ಈ ಸೇವೆಗಳು ಬೇಕು. ತಮ್ಮ ಕ್ಷೇತ್ರದ ಜನಸಂಖ್ಯೆಗೆ ಈ ಪ್ರಮಾಣವನ್ನು ಹಚ್ಚಿ ನೋಡಿ, ಬರುವ ಅಂಕಿಯನ್ನು ಅಂದಾಜೆಂದು ಹೇಳಿಯೇ ಮನವಿಯಲ್ಲಿ ಬರೆಯಿರಿ. ಇಷ್ಟು ಜನ ತಮ್ಮ ಕ್ಷೇತ್ರದಲ್ಲೇ ಇರಬಹುದೆಂಬುದು ಬಹುಪಾಲು ಪ್ರತಿನಿಧಿಗಳಿಗೆ ಹೊಳೆದಿರುವುದಿಲ್ಲ.

ಹಾಗಾದರೆ ಕೇಳಬೇಕಾದುದೇನು? ಮೊದಲನೆಯದು, ಅಳತೆ ತೆಗೆದು ಕಾಲು ಕೂರಿಸುವವರು ಯಾರು ಎಂಬುದನ್ನು ಕಾನೂನು ಹೇಳಬೇಕು. ತಮ್ಮ ತಂದೆಯವರ ಅಳತೆ ತೆಗೆದವರ ತರಬೇತಿ ಏನೆಂದು ತಮಗೆ ಗೊತ್ತಿದೆಯೆ? ಬಹಳ ಮಂದಿಗೆ ಗೊತ್ತಿರುವುದಿಲ್ಲ, ಕೇಳಬೇಕೆಂದೂ ತೋಚುವುದಿಲ್ಲ. ಮಾನ್ಯತೆ ಪಡೆದ ಶಿಕ್ಷಣ, ನೋಂದಣಿ, ಮತ್ತು ಆ ನೋಂದಣಿಯ ಪಟ್ಟಿಯನ್ನು ಸಾರ್ವಜನಿಕರು ನೋಡುವ ಅವಕಾಶ, ಇವು ಮೂರೂ ಒಟ್ಟಿಗೆ ಇರಬೇಕು.

ಎರಡನೆಯದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು. ಹಣ ಬಿಡುಗಡೆಯಾಗುವುದು ಸರ್ಕಾರದಿಂದಲೇ ಆಗಲಿ ವಿಮೆಯಿಂದಲೇ ಆಗಲಿ, ಅದು ಒಂದು ಕಾಲಿಗೆ ಇಷ್ಟು ಎಂದು ಆಗಬಾರದು. ಪೂರ್ವಪರೀಕ್ಷೆ, ಅಚ್ಚು, ತಾತ್ಕಾಲಿಕವಾಗಿ ತೊಡಿಸಿ ನೋಡುವುದು, ತಿದ್ದುವುದು, ನಡಿಗೆಯ ತರಬೇತಿ, ನಿಗದಿತ ಅವಧಿಗಳಲ್ಲಿ ಮರುಪರೀಕ್ಷೆ, ದುರಸ್ತಿ, ಗಾತ್ರ ಬದಲಾದಾಗ ಹೊಸ ಸಾಕೆಟ್, ಇಷ್ಟೂ ಸೇರಿದ ಒಂದು ಸೇವೆಗೆ ಆಗಬೇಕು. ಕೊನೆಯ ಕಂತು ಮರುಪರೀಕ್ಷೆ ಮುಗಿದ ಮೇಲಷ್ಟೇ ಸಿಗುವಂತಿದ್ದರೆ, ‘ಮತ್ತೆ ಬನ್ನಿ’ ಎನ್ನುವುದನ್ನು ಯಾರೂ ಮರೆಯಲಾರರು. ಮಕ್ಕಳ ವಿಷಯವನ್ನು ಇಲ್ಲಿಯೇ ಬೇರೆಯಾಗಿ ನಮೂದಿಸಿ. ಬೆಳೆಯುವ ಮಗುವಿಗೆ ಐದು ವರ್ಷದವರೆಗೆ ಸುಮಾರು ವರ್ಷಕ್ಕೊಮ್ಮೆ, ಅನಂತರ ಹನ್ನೆರಡರವರೆಗೆ ಎರಡು ವರ್ಷಕ್ಕೊಮ್ಮೆ ಹೊಸ ಕಾಲು ಬೇಕಾಗುತ್ತದೆಂಬುದು ಈ ವೃತ್ತಿಯಲ್ಲಿ ರೂಢಿಯ ಲೆಕ್ಕ. ಇಷ್ಟು ವರ್ಷಕ್ಕೊಂದೇ ಎಂದು ಎಲ್ಲ ವಯಸ್ಸಿನವರಿಗೂ ಒಂದೇ ಮಿತಿ ಹಾಕುವ ನಿಯಮವಿದ್ದರೆ, ಅದು ಮಕ್ಕಳನ್ನು ಗಮನಕ್ಕೆ ತೆಗೆದುಕೊಳ್ಳದೆ ಬರೆದ ನಿಯಮ.

ಮೂರನೆಯದಾಗಿ, ಲೆಕ್ಕ ಇಡುವ ರೀತಿ ಬದಲಾಗಬೇಕು. ಎಷ್ಟು ಕಾಲುಗಳನ್ನು ವಿತರಿಸಲಾಯಿತು ಎಂಬ ಪಟ್ಟಿಯಲ್ಲಿ ತಮ್ಮ ತಂದೆಯವರು ಸೌಲಭ್ಯ ಪಡೆದವರೆಂದೇ ದಾಖಲಾಗಿರುತ್ತಾರೆ. ಆರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಅವರನ್ನು ಕರೆದು, ಕಾಲು ತೊಡುತ್ತಿದ್ದೀರಾ, ದಿನಕ್ಕೆ ಎಷ್ಟು ಗಂಟೆ, ಹುಣ್ಣಾಗಿದೆಯೆ, ಎರಡು ನಿಮಿಷದಲ್ಲಿ ಎಷ್ಟು ದೂರ ನಡೆಯಬಲ್ಲಿರಿ ಎಂದು ನಾಲ್ಕು ಪ್ರಶ್ನೆ ಕೇಳಿ ಬರೆದಿಟ್ಟುಕೊಂಡರೆ ಸಾಕು, ಹಣ ಎಲ್ಲಿ ಸೋರುತ್ತಿದೆಯೆಂದು ಪ್ರತಿನಿಧಿಗಳಿಗೇ ಕಾಣುತ್ತದೆ. ಇನ್ನು, ನಿಯಮ ಬರೆಯುವ ಸಮಿತಿಯಲ್ಲಿ ಕೃತಕ ಅಂಗ ಬಳಸುವವರು ಇರಬೇಕೆಂದೂ ಕೇಳಿ. ಇದು ಯಾರೋ ಮಾಡುವ ಉಪಕಾರವಲ್ಲ. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಒಡಂಬಡಿಕೆಯ 4ನೆಯ ವಿಧಿಯೇ ಇಂಥ ಸಮಾಲೋಚನೆಯನ್ನು ಕಡ್ಡಾಯ ಮಾಡಿದೆ, 20 ಮತ್ತು 26ನೆಯ ವಿಧಿಗಳು ಸ್ವತಂತ್ರ ಚಲನೆ ಹಾಗೂ ಪುನರ್ವಸತಿಯ ಬಗ್ಗೆ ಹೇಳುತ್ತವೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಇರಲಾರೆ. ಅಮೆರಿಕದಲ್ಲಿ 2000ನೆಯ ಇಸವಿಯಲ್ಲಿಯೇ, ಮೆಡಿಕೇರ್ ಎಂಬ ಸರ್ಕಾರಿ ವಿಮೆಯಡಿ ಅರ್ಹ ತಜ್ಞರು ಒದಗಿಸಿದ ಕೃತಕ ಅಂಗಗಳಿಗೂ ಅಳತೆಗೆ ಮಾಡಿದ ಬ್ರೇಸ್‌ಗಳಿಗೂ ಮಾತ್ರ ಹಣ ಪಾವತಿಸಬೇಕೆಂದು ಶಾಸನವಾಯಿತು. ಆದರೆ ಅದನ್ನು ಜಾರಿಗೆ ತರುವ ನಿಯಮಗಳ ಕರಡು ಹೊರಬಂದದ್ದು 2017ರ ಜನವರಿಯಲ್ಲಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆ ಕರಡನ್ನೂ ಹಿಂದಕ್ಕೆ ತೆಗೆದುಕೊಳ್ಳಲಾಯಿತು. ಶಾಸನಸಭೆ ಒಪ್ಪಿದ ಮಾತು 17 ವರ್ಷ ಕಾಗದದ ಮೇಲೆಯೇ ಉಳಿಯಿತು. ಆದ್ದರಿಂದ ತಮ್ಮ ಮನವಿಯಲ್ಲಿ ‘ಕಾನೂನು ಮಾಡಿ’ ಎಂದಷ್ಟೇ ಬರೆದು ನಿಲ್ಲಿಸಬೇಡಿ. ಯಾವ ದಿನಾಂಕದೊಳಗೆ ನಿಯಮಗಳು ಬರಬೇಕು, ಯಾವ ಅಧಿಕಾರಿ ಹೊಣೆ, ಪ್ರಗತಿಯ ವರದಿ ಸಭೆಯ ಮುಂದೆ ಯಾವಾಗ ಬರಬೇಕು ಎಂಬುದನ್ನೂ ಕೇಳಿ. ಅದೇ ದೇಶದ ಮೇನ್ ರಾಜ್ಯದಲ್ಲಿ 2022ರಲ್ಲಿ, ಮಕ್ಕಳಿಗೆ ಓಡಲು ಆಡಲು ಬೇಕಾಗುವ ಬೇರೆ ಕೃತಕ ಅಂಗಕ್ಕೂ ವಿಮೆಯವರು ಹಣ ಕೊಡಬೇಕೆಂದು ಕಾನೂನಾಯಿತು. ಕೇಳಿಕೆ ಹೀಗೆ ಖಚಿತವಾಗಿದ್ದಾಗ, ಸಣ್ಣ ರಾಜ್ಯವೊಂದರಲ್ಲಿಯೂ ಅದು ಈಡೇರಬಹುದು.

ಮನವಿ ಒಂದು ಪುಟ ಮೀರದಿರಲಿ. ಮೊದಲ ನಾಲ್ಕು ಸಾಲಿನಲ್ಲಿ ತಮ್ಮ ತಂದೆಯವರ ಕತೆಯನ್ನು, ತಾವು ನನಗೆ ಬರೆದಷ್ಟೇ ಸರಳವಾಗಿ, ದಿನಾಂಕಗಳೊಂದಿಗೆ ಬರೆಯಿರಿ. ಯಾರನ್ನೂ ಹೆಸರಿಸಿ ದೂರಬೇಡಿ, ಏಕೆಂದರೆ ಆಗ ಪ್ರಶ್ನೆ ಒಂದು ಕೇಂದ್ರದ ತನಿಖೆಯಾಗಿ ಕುಗ್ಗಿಬಿಡುತ್ತದೆ. ಉಳಿದ ಕುಟುಂಬಗಳ ಕತೆಗಳನ್ನು ತಲಾ ಎರಡು ಸಾಲಿನಲ್ಲಿ ಜೊತೆಗೆ ಲಗತ್ತಿಸಿ. ಸಾಧ್ಯವಾದರೆ ಕಾಲು ತೊಡುವ ಒಬ್ಬರಾದರೂ ಸ್ವತಃ ಹೋಗಿ ಕೊಡಲಿ, ಮೂಲೆಯಲ್ಲಿರುವ ಆ ಕಾಲನ್ನೂ ತೆಗೆದುಕೊಂಡು ಹೋಗಿ. ‘ಹಣವೆಲ್ಲಿದೆ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಆ ಕಾಲಿಗೆ ಪೂರ್ತಿ ಹಣ ಈಗಾಗಲೇ ಖರ್ಚಾಗಿದೆ, ಅದರ ಮೇಲೆ ಹುಣ್ಣಿನ ಚಿಕಿತ್ಸೆಯ ಖರ್ಚು ಸೇರಿದೆ, ನೋಡಿಕೊಳ್ಳಲು ಮನೆಯ ಒಬ್ಬರು ಕೆಲಸ ಬಿಟ್ಟಿದ್ದರೆ ಆ ದುಡಿಮೆಯೂ ಹೋಗಿದೆ. ಎರಡು ಮರುಭೇಟಿ ಮತ್ತು ಒಂದು ಹೊಸ ಸಾಕೆಟ್‌ನ ಖರ್ಚನ್ನು ಇವುಗಳ ಪಕ್ಕದಲ್ಲಿಟ್ಟು ನೋಡುವಂತೆ ಕೇಳಿಕೊಳ್ಳಿ.

ಪ್ರಶ್ನೆ: ನನ್ನ ಹನ್ನೆರಡು ವರ್ಷದ ಮಗಳ ಬೆನ್ನುಮೂಳೆ ಓರೆಯಾಗಿ ಬೆಳೆಯುತ್ತಿದೆ. ವೈದ್ಯರು ಬ್ರೇಸ್ ಬರೆದುಕೊಟ್ಟರು. ಸಿದ್ಧ ಗಾತ್ರದ ಬೆಲ್ಟ್ ಒಂದನ್ನು ಕೊಂಡು ತಂದೆವು. ಕಂಕುಳ ಕೆಳಗೆ ಒತ್ತುತ್ತದೆಂದು ಅವಳು ದಿನಕ್ಕೆ ಎರಡು ಗಂಟೆಯೂ ತೊಡುವುದಿಲ್ಲ. ಮಾನದಂಡ, ಕಾನೂನು ಎಂಬ ಮಾತೆಲ್ಲ ಕೈಕಾಲು ಕಳೆದುಕೊಂಡವರಿಗೆ ಸಂಬಂಧಿಸಿದ್ದಲ್ಲವೆ? ಬ್ರೇಸ್‌ಗೂ ಅದು ಬೇಕೆ?

ಉತ್ತರ: ಖಂಡಿತ ಬೇಕು. ಕಳೆದುಹೋದ ಅಂಗದ ಬದಲಿಗೆ ಕೂರಿಸುವುದು ಪ್ರಾಸ್ಥೆಟಿಕ್ಸ್ ಆದರೆ, ಇರುವ ಅಂಗಕ್ಕೆ ಆಸರೆ ಕೊಟ್ಟು ತಿದ್ದುವ ಕ್ಯಾಲಿಪರ್, ಸ್ಪ್ಲಿಂಟ್, ಬ್ರೇಸ್‌ಗಳೆಲ್ಲ ಆರ್ಥೋಟಿಕ್ಸ್. ಎರಡನ್ನೂ ಒಂದೇ ಮಾನದಂಡದ ದಾಖಲೆ ಒಳಗೊಳ್ಳುತ್ತದೆ. ಬೆಲ್ಟ್ ಎಂದರೆ ಯಾರಾದರೂ ಕಟ್ಟಿಕೊಳ್ಳಬಹುದಾದ ವಸ್ತುವೆಂಬ ಭಾವನೆ ಇರುವುದರಿಂದ ಈ ಭಾಗ ಕಡೆಗಣನೆಗೆ ಒಳಗಾಗಿದೆ.

2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಬೆಳೆಯುವ ವಯಸ್ಸಿನ ಮಕ್ಕಳ ಬೆನ್ನುಮೂಳೆಯ ಓರೆಯು ಶಸ್ತ್ರಚಿಕಿತ್ಸೆ ಬೇಕಾಗುವ ಮಟ್ಟ ಮುಟ್ಟದಂತೆ ಉಳಿದದ್ದು ಬ್ರೇಸ್ ತೊಟ್ಟವರಲ್ಲಿ 72 ಪ್ರತಿಶತ, ಬರಿದೇ ಕಾದು ನೋಡಿದವರಲ್ಲಿ 48 ಪ್ರತಿಶತ. ದಿನಕ್ಕೆ ಸುಮಾರು 13 ಗಂಟೆಗಿಂತ ಹೆಚ್ಚು ತೊಟ್ಟವರಲ್ಲಿ ಫಲ 90 ಪ್ರತಿಶತಕ್ಕೂ ಮೇಲಿತ್ತು. ಹೀಗೆ ಗಂಟೆಗಳೇ ಔಷಧದ ಪ್ರಮಾಣವೆಂದಾದ ಮೇಲೆ, ಒತ್ತಿ ನೋಯಿಸುವ ಬ್ರೇಸ್ ಎಂದರೆ ನುಂಗಲಾಗದ ಮಾತ್ರೆ. ಮಗಳು ಹಟ ಮಾಡುತ್ತಾಳೆಂದು ಗದರಿಸಬೇಡಿ, ಅವಳು ತೋರಿಸುವ ಜಾಗದಲ್ಲಿ ಚರ್ಮ ಕೆಂಪಾಗಿದೆಯೆ ಎಂದು ನೋಡಿ. ಅವಳ ಮೈಯ ಅಚ್ಚಿಗೆ ತಕ್ಕಂತೆ ತರಬೇತಿ ಪಡೆದ ಆರ್ಥೋಟಿಸ್ಟರಿಂದ ಬ್ರೇಸ್ ಮಾಡಿಸಿ, ಅದನ್ನು ತೊಟ್ಟಾಗ ಎಕ್ಸ್‌ರೇಯಲ್ಲಿ ಓರೆ ಎಷ್ಟು ತಿದ್ದಿದೆಯೆಂದು ವೈದ್ಯರೊಂದಿಗೆ ಪರಿಶೀಲಿಸಿ. ಬೆಳವಣಿಗೆ ಮುಗಿಯುವವರೆಗೆ ಮಾತ್ರ ಬ್ರೇಸ್‌ಗೆ ಅವಕಾಶವಿರುವುದರಿಂದ ತಡಮಾಡಬೇಡಿ. ಹುಟ್ಟಿನಿಂದ ಪಾದ ತಿರುಚಿರುವ ಶಿಶುಗಳ ಮಾತೂ ಇದೇ: ಪೊನ್ಸೆಟಿ ವಿಧಾನದಲ್ಲಿ ಪ್ಲಾಸ್ಟರ್‌ಗಳಿಂದ ಪಾದ ಸರಿಯಾದ ಮೇಲೆಯೂ, ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಅನಂತರ ನಾಲ್ಕೈದು ವರ್ಷದವರೆಗೆ ರಾತ್ರಿ ಮಲಗುವಾಗ ಬ್ರೇಸ್ ತೊಡಿಸದಿದ್ದರೆ ಪಾದ ಮತ್ತೆ ತಿರುಚಿಕೊಳ್ಳುವ ಸಂಭವ ಹೆಚ್ಚು.

ಮನವಿ ಬರೆಯುವವರು ಇದರಿಂದ ಒಂದು ಕೇಳಿಕೆಯನ್ನು ಸೇರಿಸಿಕೊಳ್ಳಬೇಕು. ಅಂಗಡಿಯಿಂದ ತಂದು ತಾವೇ ಕಟ್ಟಿಕೊಳ್ಳಬಹುದಾದ ಪಟ್ಟಿ ಯಾವುದು, ತಜ್ಞರು ಅಳತೆ ತೆಗೆದು ಕೂರಿಸಲೇಬೇಕಾದ ಬ್ರೇಸ್ ಯಾವುದು ಎಂಬ ಗೆರೆಯನ್ನು ನಿಯಮವೇ ಎಳೆಯಬೇಕು. ಆ ಗೆರೆ ಇಲ್ಲದಿದ್ದಾಗ ಹಣ ಕೊಡುವವರು ಎರಡಕ್ಕೂ ಒಂದೇ ದರ ಕಟ್ಟುತ್ತಾರೆ, ಮತ್ತು ಅಗ್ಗದ್ದೇ ಎಲ್ಲರ ಪಾಲಿಗೆ ಬರುತ್ತದೆ.

ಪ್ರಶ್ನೆ: ನಾನು ಇಪ್ಪತ್ತೆರಡು ವರ್ಷಗಳಿಂದ ಕೃತಕ ಕಾಲು ಮಾಡುವ ಕಾರ್ಯಾಗಾರದಲ್ಲಿ ಕೆಲಸ ಮಾಡುತ್ತಿದ್ದೇನೆ. ಹಿರಿಯರೊಬ್ಬರ ಕೈಕೆಳಗೆ ಕಲಿತವನು, ಪದವಿ ಇಲ್ಲ. ಹೊಸ ಮಾನದಂಡಗಳು ಬಂದರೆ ನನ್ನಂಥವರನ್ನು ಮನೆಗೆ ಕಳುಹಿಸುತ್ತಾರೆಯೆ?

ಉತ್ತರ: ಇಪ್ಪತ್ತೆರಡು ವರ್ಷ ಪ್ಲಾಸ್ಟರ್ ತಿದ್ದಿದ ಕೈಗೆ ಗೊತ್ತಿರುವುದನ್ನು ಯಾವ ಪುಸ್ತಕವೂ ಪೂರ್ತಿ ಕಲಿಸಲಾರದು, ಹಾಗಾಗಿ ತಮ್ಮ ಭಯವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅದೇ ಹೊತ್ತಿಗೆ, ಸಂವೇದನೆ ಕಳೆದುಕೊಂಡ ಕಾಲಿನ ರಕ್ತಸಂಚಾರವನ್ನು ಅಂದಾಜು ಮಾಡುವುದು, ಯಾರಿಗೆ ಯಾವ ಮೊಣಕಾಲಿನ ಕೀಲು ಸುರಕ್ಷಿತವೆಂದು ನಿರ್ಧರಿಸುವುದು ಮುಂತಾದ ವೈದ್ಯಕೀಯ ತಿಳಿವಳಿಕೆಯನ್ನು ಅನುಭವವೊಂದೇ ಕೊಡುವುದಿಲ್ಲವೆಂಬುದನ್ನೂ ತಾವು ಒಪ್ಪುತ್ತೀರೆಂದು ನಂಬುತ್ತೇನೆ.

ಐಎಸ್‌ಪಿಒ ಈ ವೃತ್ತಿಯಲ್ಲಿ ಪ್ರಾಸ್ಥೆಟಿಸ್ಟ್-ಆರ್ಥೋಟಿಸ್ಟ್, ಸಹಾಯಕ ಪ್ರಾಸ್ಥೆಟಿಸ್ಟ್-ಆರ್ಥೋಟಿಸ್ಟ್ ಮತ್ತು ತಂತ್ರಜ್ಞ ಎಂಬ ಮೂರು ಹಂತಗಳನ್ನು ಗುರುತಿಸಿದೆ. ತಂತ್ರಜ್ಞರನ್ನು ಅದು ಹೊರಗಿಟ್ಟಿಲ್ಲ, ಅವರಿಗೂ ಒಂದು ಹೆಸರು ಮತ್ತು ತರಬೇತಿಯ ಮಟ್ಟವನ್ನು ಕೊಟ್ಟಿದೆ. ಹಾಗಾಗಿ ತಾವು ಕಾನೂನನ್ನು ವಿರೋಧಿಸುವ ಬದಲು ಅದರೊಳಗೆ ಒಂದು ಪರಿವರ್ತನೆಯ ಅವಧಿ ಇರಬೇಕೆಂದು ಕೇಳಿ: ಇಷ್ಟು ವರ್ಷ ಕೆಲಸ ಮಾಡಿದವರ ಕೌಶಲವನ್ನು ಪ್ರತ್ಯಕ್ಷ ಪರೀಕ್ಷೆಯಿಂದ ಅಳೆದು ತಕ್ಕ ಹಂತದಲ್ಲಿ ನೋಂದಾಯಿಸಿಕೊಳ್ಳುವುದು, ಕೆಲಸ ಬಿಡದೆ ಮುಂದಿನ ಹಂತಕ್ಕೆ ಓದುವ ಅವಕಾಶ ಮತ್ತು ಅದರ ವೆಚ್ಚ, ಅಲ್ಲಿಯವರೆಗೆ ಅರ್ಹ ತಜ್ಞರ ಮೇಲ್ವಿಚಾರಣೆಯಲ್ಲಿ ಕೆಲಸ ಮುಂದುವರಿಸಲು ಅನುಮತಿ.

ಇದು ತಮ್ಮ ಹೊಟ್ಟೆಪಾಡಿನ ಪ್ರಶ್ನೆ ಮಾತ್ರವೂ ಅಲ್ಲ. ಹತ್ತು ಲಕ್ಷ ಜನಸಂಖ್ಯೆಗೆ ಐದರಿಂದ ಹತ್ತು ಮಂದಿ ಪ್ರಾಸ್ಥೆಟಿಸ್ಟ್-ಆರ್ಥೋಟಿಸ್ಟರು ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ ಹೇಳುತ್ತದೆ, ಮತ್ತು ಅನೇಕ ದೇಶಗಳು ಆ ಸಂಖ್ಯೆಯಿಂದ ಬಹಳ ದೂರದಲ್ಲಿವೆ. ಇರುವ ಕೈಗಳನ್ನು ಒಂದೇ ದಿನ ಅನರ್ಹವೆಂದು ಘೋಷಿಸಿದರೆ, ಸರಿಹೊಂದದ ಕಾಲಿನ ಬದಲು ಕಾಲೇ ಇಲ್ಲದ ಸ್ಥಿತಿ ಬರುತ್ತದೆ. ತರಬೇತಿಯ ಸೀಟುಗಳಿಗೆ ಹಣವಿಡದೆ ಅರ್ಹತೆಯನ್ನು ಮಾತ್ರ ಬಿಗಿಗೊಳಿಸುವ ಮಸೂದೆಯನ್ನು ನಾನೂ ಬೆಂಬಲಿಸಲಾರೆ. ಮೇಲೆ ಮೊದಲ ಪತ್ರ ಬರೆದವರಂಥ ಕುಟುಂಬಗಳು ತಮ್ಮ ಊರಿನಲ್ಲಿಯೂ ಇರುತ್ತವೆ. ಅವರು ಮನವಿ ಕೊಡಲು ಹೋಗುವ ದಿನ ತಾವೂ ಜೊತೆಗೆ ಹೋಗಿ, ಒಂದು ಸಾಕೆಟ್ ಸರಿಯಾಗಿ ಕೂರಲು ಎಷ್ಟು ಸಲ ತಿದ್ದಬೇಕಾಗುತ್ತದೆ, ಅದಕ್ಕೆ ತಮಗೆ ಎಷ್ಟು ಸಮಯ ಸಿಗುತ್ತಿದೆ ಎಂಬುದನ್ನು ಪ್ರತಿನಿಧಿಯ ಮುಂದೆ ವಿವರಿಸಿ.